ಗೋಡೆಯ ಇನ್ಸುಲೇಷನ್ ದಪ್ಪ ಮಾಡಿಸುವ ಮುಂಚೆ: ಆ 50 ಮಿಲಿಮೀಟರ್ ಯಾರ ಜಾಗ ತಿನ್ನುತ್ತದೆ?

ಮನೆ ಕೆಲಸ ಅರ್ಧ ಆಗಿರುವಾಗಲೇ ಈ ಆಸೆ ಹುಟ್ಟುತ್ತದೆ. ನಕ್ಷೆಯಲ್ಲಿ ಹೊರಗೋಡೆಗೆ 100 ಮಿಮೀ ಇನ್ಸುಲೇಷನ್ (ಶಾಖ ತಡೆಯುವ ಪದರ) ಅಂತ ಇರುತ್ತದೆ. ನೋಡಲು ಬಂದವರು ಯಾರೋ "ಹಾಕಿಸೋದೇ ಆದ್ರೆ 150 ಹಾಕಿಸಿಬಿಡಿ, ಗೋಡೆ ಏನು ಮತ್ತೆ ಮತ್ತೆ ಕಟ್ಟಿಸ್ತೀರಾ?" ಅನ್ನುತ್ತಾರೆ. ಮಾತು ಸರಿ ಅನ್ನಿಸುತ್ತದೆ. ಇನ್ಸುಲೇಷನ್ ಹಾಳೆಯನ್ನು ಒಂದೇ ಕೈಯಲ್ಲಿ ಎತ್ತಬಹುದು, ಭಾರವೇ ಇಲ್ಲ, ಇನ್ನೊಂದಿಷ್ಟು ಸೇರಿಸಿದರೆ ಮನೆಗೆ ಏನಾಗಿಬಿಡುತ್ತದೆ ಅಲ್ವಾ?

ಭಾರದಿಂದ ಏನೂ ಆಗುವುದಿಲ್ಲ, ಅದು ನಿಜ. 50 ಮಿಮೀ ಥರ್ಮೋಕೋಲ್ ಒಂದು ಚದರ ಮೀಟರಿಗೆ ಸುಮಾರು 1 ಕೆಜಿ ತೂಗುತ್ತದೆ. ಆದರೆ ಅದಕ್ಕೆ ಜಾಗ ಬೇಕು. ಆ ಜಾಗ ಕೊಡಲು ಹೊರಗಿನ ಇಟ್ಟಿಗೆ ಗೋಡೆ ಹೊರಗೆ ಸರಿಯಬೇಕು, ಇಲ್ಲಾ ಭಾರ ಹೊತ್ತ ಗೋಡೆ ಒಳಗೆ ಸರಿಯಬೇಕು, ಇಲ್ಲಾ ಬ್ಲಾಕ್ ತೆಳ್ಳಗಾಗಬೇಕು, ಬ್ರ್ಯಾಕೆಟ್ ಉದ್ದ ಆಗಬೇಕು, ಕಿಟಕಿ ಮುಂದೆ ಬರಬೇಕು. ಮನೆಯ ಬಲಕ್ಕೆ ಪೆಟ್ಟು ಬಿದ್ದರೆ ಅದು ಈ ಸರಿದಾಟದಿಂದ. ಅದಕ್ಕೇ ಕೆಳಗೆ ಒಂದೊಂದು ಆಯ್ಕೆಯನ್ನು ನೋಡುವಾಗಲೂ ನಾನು ಕೇಳುವುದು ಇದೊಂದೇ ಪ್ರಶ್ನೆ: ಆ ಹೆಚ್ಚಿನ 50 ಮಿಮೀ ಯಾರ ಜಾಗ ತಿನ್ನುತ್ತಿದೆ?

ಮೊದಲು ಲಾಭ ಎಷ್ಟು ಅಂತ ನೋಡಿ

ಒಳಗೂ ಹೊರಗೂ 20 ಡಿಗ್ರಿ ವ್ಯತ್ಯಾಸ ಇದೆ ಅಂದುಕೊಳ್ಳಿ. ಇನ್ಸುಲೇಷನ್ ಇಲ್ಲದ ಎರಡು ಪದರದ ಸಾಧಾರಣ ಗೋಡೆಯ ಪ್ರತಿ ಚದರ ಮೀಟರ್ ಸುಮಾರು 30 ವ್ಯಾಟ್ ಶಾಖವನ್ನು ದಾಟಿಸುತ್ತದೆ. 100 ಮಿಮೀ ಗ್ಲಾಸ್ ವೂಲ್ ಹಾಕಿದರೆ ಅದು 6 ವ್ಯಾಟ್ ಆಸುಪಾಸಿಗೆ ಇಳಿಯುತ್ತದೆ. 150 ಹಾಕಿದರೆ 4ರ ಸ್ವಲ್ಪ ಮೇಲೆ. 200 ಹಾಕಿದರೆ 3ರ ಸ್ವಲ್ಪ ಮೇಲೆ. ಅಂದರೆ ಮೊದಲ 100 ಮಿಮೀ 24 ವ್ಯಾಟ್ ಉಳಿಸಿತು, ಮುಂದಿನ 50 ಉಳಿಸಿದ್ದು 2 ವ್ಯಾಟ್, ಅದರ ಮುಂದಿನ 50 ಉಳಿಸಿದ್ದು 1 ವ್ಯಾಟ್. ಚಳಿ ಜೋರಾಗಿರುವ ಕಡೆ ಆ 2 ವ್ಯಾಟ್ ಕೂಡ ವರ್ಷಗಟ್ಟಲೆ ಲೆಕ್ಕಕ್ಕೆ ಬರುತ್ತದೆ, ಬೇಡ ಅನ್ನುತ್ತಿಲ್ಲ. ಆದರೆ ಅಷ್ಟಕ್ಕೋಸ್ಕರ ಪಾಯದ ಲೆಕ್ಕ ಕೆಡಿಸಿಕೊಳ್ಳಬೇಕಾ ಅನ್ನುವುದನ್ನು ಈ ಸಂಖ್ಯೆ ಎದುರಿಗಿಟ್ಟುಕೊಂಡೇ ಯೋಚಿಸಿ.

ದಪ್ಪ ಹಾಗೇ ಇರಲಿ, ವಸ್ತು ಬದಲಾಗಲಿ

ಪಾಯ ಹಾಕಿ ಆಗಿದ್ದರೆ ನಾನು ಮೊದಲು ನೋಡುವ ದಾರಿ ಇದು. ಪ್ರತಿ ಇನ್ಸುಲೇಷನ್ ಪ್ಯಾಕೆಟ್ ಮೇಲೂ ಲ್ಯಾಂಬ್ಡಾ ಅಂತ ಒಂದು ಸಂಖ್ಯೆ ಇರುತ್ತದೆ, ಆ ವಸ್ತು ಶಾಖವನ್ನು ಎಷ್ಟು ದಾಟಿಸುತ್ತದೆ ಅನ್ನುವುದರ ಅಳತೆ ಅದು, ಕಡಿಮೆ ಇದ್ದಷ್ಟೂ ಒಳ್ಳೆಯದು. ಗ್ಲಾಸ್ ವೂಲ್, ರಾಕ್ ವೂಲ್, ಥರ್ಮೋಕೋಲ್ ಎಲ್ಲ 0.035ರ ಆಚೀಚೆ ಇರುತ್ತವೆ. ಪಿಐಆರ್ ಅನ್ನುವ ಗಟ್ಟಿ ಫೋಮ್ ಹಾಳೆ 0.022ರ ಹತ್ತಿರ. ಹಾಗಾಗಿ 100 ಮಿಮೀ ಪಿಐಆರ್ ಮಾಡುವ ಕೆಲಸವನ್ನು ಗ್ಲಾಸ್ ವೂಲಿನಿಂದ ಮಾಡಿಸಬೇಕಾದರೆ ಸುಮಾರು 160 ಮಿಮೀ ಬೇಕು. ಗೋಡೆ ಒಂದಿಂಚೂ ಸರಿಯುವುದಿಲ್ಲ, ಕಿಟಕಿ ಬಾಗಿಲ ಮೇಲಿನ ಲಿಂಟಲ್ ಬದಲಾಗುವುದಿಲ್ಲ, ಪಾಯಕ್ಕೆ ಗೊತ್ತೇ ಆಗುವುದಿಲ್ಲ.

ಎರಡು ವಿಷಯ ಮಾತ್ರ ಮರೆಯಬೇಡಿ. ಗಟ್ಟಿ ಹಾಳೆ ಅಂಕುಡೊಂಕು ಗೋಡೆಗೆ ಒತ್ತಿ ಕೂರುವುದಿಲ್ಲ. ಬ್ಲಾಕ್ ಸಂದಿನಿಂದ ಹೊರಗೆ ಚಾಚಿದ ಗಾರೆಯನ್ನು ಕೆರೆದು ತೆಗೆಯದಿದ್ದರೆ ಹಾಳೆಯ ಹಿಂದೆ ಗಾಳಿ ಓಡಾಡುತ್ತದೆ, ಆಗ ಪ್ಯಾಕೆಟ್ ಮೇಲಿನ ಸಂಖ್ಯೆಗೆ ಅರ್ಥವಿಲ್ಲ. ಎರಡನೆಯದು ಬೆಂಕಿ. ರಾಕ್ ವೂಲ್ ಉರಿಯುವುದಿಲ್ಲ, ಫೋಮ್ ಉರಿಯುತ್ತದೆ. 2017ರ ಜೂನ್ 14ರಂದು ಲಂಡನ್ನಿನ ಗ್ರೆನ್‌ಫೆಲ್ ಟವರ್‌ನಲ್ಲಿ ಬೆಂಕಿ ಹೊರಗೋಡೆಯ ಹೊದಿಕೆ ಹಿಡಿದುಕೊಂಡೇ ಮೇಲೇರಿತು, 72 ಜನ ಸತ್ತರು. ಮುಖ್ಯ ಕಾರಣ ಪಾಲಿಎಥಿಲೀನ್ ತುಂಬಿದ ಅಲ್ಯೂಮಿನಿಯಂ ಹಾಳೆ, ಆದರೆ ಹಿಂದಿದ್ದ ಫೋಮ್ ಇನ್ಸುಲೇಷನ್ ಕೂಡ ಬೆಂಕಿಗೆ ಸೇರಿಕೊಂಡಿತು. ಒಂದಂತಸ್ತಿನ ಮನೆಯ ಲೆಕ್ಕವೇ ಬೇರೆ, ಗೊತ್ತು. ಆದರೂ ವಸ್ತು ಬದಲಿಸುವಾಗ ಶಾಖದ ಸಂಖ್ಯೆ ಒಂದನ್ನೇ ನೋಡಬೇಡಿ ಅನ್ನುವುದಕ್ಕೆ ಇದಕ್ಕಿಂತ ದೊಡ್ಡ ಕಾರಣ ನನಗೆ ಕಾಣುವುದಿಲ್ಲ.

ಎರಡು ಗೋಡೆಗಳ ನಡುವಿನ ಸಂದು ಅಗಲ ಮಾಡುವುದು

ಜಾಸ್ತಿ ಜನ ಮಾಡುವುದು ಇದನ್ನೇ, ಜಾಸ್ತಿ ಎಡವುವುದೂ ಇಲ್ಲೇ. ಕ್ಯಾವಿಟಿ ಗೋಡೆ ಅಂದರೆ ಒಳಗೊಂದು ಗೋಡೆ, ಹೊರಗೊಂದು ಗೋಡೆ, ನಡುವೆ ಸಂದು, ಸಂದಿನಲ್ಲಿ ಇನ್ಸುಲೇಷನ್. 100 ಇದ್ದ ಸಂದನ್ನು 150 ಮಾಡಿದರೆ ಒಟ್ಟು ಗೋಡೆ 300ರಿಂದ 350 ಮಿಮೀ ಆಗುತ್ತದೆ.

ಗೋಡೆ ದಪ್ಪ ಆಯಿತು, ಹಾಗಾಗಿ ಗಟ್ಟಿ ಆಯಿತು ಅಂತ ಎಷ್ಟೋ ಜನ ನಂಬುತ್ತಾರೆ. ದಯವಿಟ್ಟು ಹಾಗೆ ಅಂದುಕೊಳ್ಳಬೇಡಿ. 100 ಮಿಮೀ ದಪ್ಪದ ಎರಡು ಗೋಡೆಗಳನ್ನು ಟೈ (ಎರಡನ್ನೂ ಒಂದಕ್ಕೊಂದು ಹಿಡಿದಿಡುವ ತೆಳು ಕಂಬಿ) ಹಾಕಿ ಕಟ್ಟಿದಾಗ, ಬಾಗದೆ ನಿಲ್ಲುವ ಲೆಕ್ಕದಲ್ಲಿ ಅವೆರಡೂ ಸೇರಿ ಸುಮಾರು 126 ಮಿಮೀ ದಪ್ಪದ ಒಂದೇ ಗೋಡೆಗೆ ಸಮ. ಯುರೋಪಿನ ಕಟ್ಟಡ ಲೆಕ್ಕದ ಪದ್ಧತಿಯಲ್ಲಿ ಎರಡೂ ದಪ್ಪಗಳ ಘನವನ್ನು ಕೂಡಿ ಅದರ ಘನಮೂಲ ತೆಗೆಯುತ್ತಾರೆ, ಆ ಲೆಕ್ಕದಲ್ಲಿ ಸಂದಿನ ಅಗಲ ಬರುವುದೇ ಇಲ್ಲ. 50 ಇರಲಿ, 150 ಇರಲಿ, ಉತ್ತರ ಅದೇ 126. ಅದೂ ಟೈಗಳು ಸರಿಯಾಗಿ ಕೆಲಸ ಮಾಡಿದರೆ.

ಹಾಗಾಗಿ ಟೈ ವಿಷಯಕ್ಕೆ ಬರೋಣ. ನಾನು ಒಮ್ಮೆ ಕಟ್ಟುತ್ತಿದ್ದ ಮನೆಯೊಂದನ್ನು ನೋಡಲು ಹೋಗಿದ್ದೆ, ಸಂದು ಅಗಲ ಮಾಡಿಸಿದ್ದೇವೆ ಅಂತ ಮನೆಯವರು ಖುಷಿಯಿಂದ ತೋರಿಸಿದರು. ಒಳಗಿನ ಗೋಡೆ ಎದೆಮಟ್ಟಕ್ಕೆ ಬಂದಿತ್ತು. ಗಾರೆಯಿಂದ ಹೊರಗೆ ಚಾಚಿದ ಒಂದು ಟೈಯನ್ನು ಎರಡು ಬೆರಳಲ್ಲಿ ಹಿಡಿದು ತಿರುಗಿಸಿದೆ, ತಿರುಗಿತು. ಟೇಪ್ ಹಿಡಿದು ನೋಡಿದರೆ ಟೈ ಉದ್ದ 225 ಮಿಮೀ. 100 ಮಿಮೀ ಸಂದಿಗೆ ತಂದಿದ್ದ ಹಳೆಯ ಪೆಟ್ಟಿಗೆಯದ್ದೇ. 225ರಲ್ಲಿ 150 ಸಂದಿಗೇ ಹೋದರೆ ಉಳಿಯುವುದು 75, ಒಂದೊಂದು ಕಡೆ 37. ಟೈ ಎರಡೂ ಕಡೆ ಗಾರೆಯೊಳಗೆ ಕನಿಷ್ಠ 50 ಮಿಮೀ ಹೋಗಿರಬೇಕು. 150ರ ಸಂದಿಗೆ 275 ಮಿಮೀ ಟೈ ತರಬೇಕಿತ್ತು. ಮೇಸ್ತ್ರಿಯ ತಪ್ಪು ಅಂತ ನಾನು ಹೇಳಲಾರೆ, ಸಂದು ಬದಲಾಗಿದ್ದನ್ನು ಅವರಿಗೆ ಬಾಯಲ್ಲಿ ಹೇಳಿದ್ದರು, ಸಾಮಾನಿನ ಪಟ್ಟಿ ಬದಲಿಸಿರಲಿಲ್ಲ.

ಉದ್ದದ ಟೈ ತಂದರೂ ಇನ್ನೊಂದು ವಿಷಯ ಇದೆ. ಗಾಳಿ ಹೊರಗೋಡೆಯನ್ನು ಒಳಗೆ ತಳ್ಳುವಾಗ ಆ ಒತ್ತಡವನ್ನು ಒಳಗೋಡೆಗೆ ದಾಟಿಸುವುದು ಈ ತೆಳು ಕಂಬಿ. ಉದ್ದ ಜಾಸ್ತಿ ಆದಷ್ಟೂ ಒತ್ತಿದಾಗ ಬೇಗ ಬಾಗುತ್ತದೆ. ಬಾಗದೆ ತಡೆಯುವ ಶಕ್ತಿ ಉದ್ದದ ವರ್ಗದಂತೆ ಇಳಿಯುತ್ತದೆ: ಸಂದು ಒಂದೂವರೆ ಪಟ್ಟು ಆದರೆ, ಅದೇ ದಪ್ಪದ ಕಂಬಿಯ ಶಕ್ತಿ ಅರ್ಧಕ್ಕಿಂತ ಕೆಳಗೆ, ಸುಮಾರು 44 ಪರ್ಸೆಂಟಿಗೆ ಬರುತ್ತದೆ. ಹಾಗಾಗಿ ದಪ್ಪ ಟೈ ಬೇಕಾಗಬಹುದು ಅಥವಾ ಹತ್ತಿರ ಹತ್ತಿರ ಹಾಕಬೇಕಾಗಬಹುದು. ಎಷ್ಟು ಅನ್ನುವುದನ್ನು ಇಂಜಿನಿಯರ್ ಗಾಳಿಯ ಲೆಕ್ಕ ಹಾಕಿ ಹೇಳಬೇಕು, ಅಂಗಡಿಯವರಲ್ಲ.

ಈಗ ಪಾಯ. ಇಲ್ಲಿ ಯಾವ ಗೋಡೆ ಸರಿಯುತ್ತದೆ ಅನ್ನುವುದೇ ಎಲ್ಲವನ್ನೂ ತೀರ್ಮಾನಿಸುತ್ತದೆ, ಮತ್ತು ಉತ್ತರ ನಾವು ಅಂದುಕೊಂಡಿದ್ದಕ್ಕೆ ಉಲ್ಟಾ ಇದೆ. ಒಂದು ಲೆಕ್ಕ ನೋಡಿ. 600 ಮಿಮೀ ಅಗಲದ ಪಾಯ, ನಡುಮಧ್ಯೆ 300 ಮಿಮೀ ಗೋಡೆ. ಒಳಗೋಡೆ ಮಹಡಿ ಮತ್ತು ಚಾವಣಿ ಹೊತ್ತಿದೆ, ಮೀಟರಿಗೆ 3 ಟನ್. ಹೊರಗೋಡೆ ತನ್ನ ಭಾರ ಮಾತ್ರ ಹೊತ್ತಿದೆ, ಮೀಟರಿಗೆ 1.5 ಟನ್. ಸರಾಸರಿ ನೋಡಿದರೆ ಮಣ್ಣಿನ ಮೇಲೆ ಚದರ ಮೀಟರಿಗೆ 7.5 ಟನ್. ಆದರೆ ಭಾರ ಒಳಗಡೆಗೆ ವಾಲಿರುವುದರಿಂದ ಪಾಯದ ಒಳಅಂಚಿನಲ್ಲಿ ಒತ್ತಡ ಮೊದಲೇ 10 ಟನ್ ಇರುತ್ತದೆ. ಈಗ ಹೊರಗೋಡೆಯನ್ನು 50 ಮಿಮೀ ಹೊರಗೆ ಸರಿಸಿದರೆ ಭಾರ ನಡುವಿಗೆ ಹತ್ತಿರ ಬಂದು ಒಳಅಂಚಿನ ಒತ್ತಡ 8.75ಕ್ಕೆ ಇಳಿಯುತ್ತದೆ! ಮನೆಯ ಹೊರ ಅಳತೆ ಕೆಡಬಾರದು ಅಂತ ಒಳಗೋಡೆಯನ್ನು 50 ಮಿಮೀ ಒಳಗೆ ಸರಿಸಿದರೆ ಅದೇ ಅಂಚಿನಲ್ಲಿ 12.5 ಟನ್. ಮಣ್ಣು ಗಟ್ಟಿ ಇದ್ದರೆ ತಡೆಯಬಹುದು, ಮೆತ್ತಗಿದ್ದರೆ ಪಾಯ ಒಳಕ್ಕೆ ವಾಲುತ್ತದೆ, ಗೋಡೆಯಲ್ಲಿ ಬಿರುಕು ಬಿಡುತ್ತದೆ. ನಿಮ್ಮ ಮನೆಯ ಸಂಖ್ಯೆ ಬೇರೆ ಇರುತ್ತದೆ. ಆದರೆ ಭಾರ ಹೊತ್ತ ಗೋಡೆಯನ್ನು ಕದಲಿಸಬೇಡಿ, ಸರಿಸುವುದೇ ಆದರೆ ಹೊರಗಿನದನ್ನು ಸರಿಸಿ ಅನ್ನುವುದು ಹೆಚ್ಚುಕಡಿಮೆ ಎಲ್ಲ ಕಡೆ ನಿಲ್ಲುವ ಮಾತು.

ಇದೆಲ್ಲ ಪಾಯದಿಂದ ಮೇಲೆ ಗೋಡೆ ಇನ್ನೂ ಎದ್ದಿಲ್ಲ ಅನ್ನುವ ಹೊತ್ತಿನ ಮಾತು. ನೆಲಮಟ್ಟದವರೆಗಿನ ಗೋಡೆ ಹಳೆಯ ಅಳತೆಗೇ ಕಟ್ಟಿ ಆಗಿದ್ದರೆ, 100 ಮಿಮೀ ಹೊರಗೋಡೆಯ ಅರ್ಧ ಗಾಳಿಯಲ್ಲಿ ನಿಲ್ಲುತ್ತದೆ. ಇಟ್ಟಿಗೆಯ ದಪ್ಪದ ಮೂರನೇ ಒಂದು ಭಾಗಕ್ಕಿಂತ ಜಾಸ್ತಿ ಹೊರಚಾಚಬಾರದು ಅನ್ನುವುದು ಹಳೆಯ ರೂಢಿಯ ನಿಯಮ, ಅಂದರೆ 33 ಮಿಮೀ. 50 ಆಗುವುದಿಲ್ಲ.

ಲಿಂಟಲ್ ಕೂಡ ಅಷ್ಟೇ. ಕ್ಯಾವಿಟಿ ಗೋಡೆಯ ಸ್ಟೀಲ್ ಲಿಂಟಲ್‌ಗಳು ಇಂತಿಷ್ಟು ಅಗಲದ ಸಂದಿಗೆ ಅಂತಲೇ ಬರುತ್ತವೆ. 100ರದ್ದನ್ನು 150ರ ಸಂದಿಗೆ ಕೂರಿಸಿದರೆ ಹೊರಗಿನ ಇಟ್ಟಿಗೆ ಲಿಂಟಲಿನ ಅಂಚಿನ ಮೇಲೆ ಅರ್ಧಂಬರ್ಧ ಕೂರುತ್ತದೆ, ಭಾರ ತುದಿಗೆ ಬಿದ್ದು ಲಿಂಟಲ್ ತಿರುಚಿಕೊಳ್ಳುತ್ತದೆ, ಕಿಟಕಿ ಮೂಲೆಯಿಂದ ಓರೆ ಬಿರುಕು ಶುರುವಾಗುತ್ತದೆ. ಹೊಸ ಅಳತೆಯದ್ದೇ ತರಿಸಿ, ಎರಡೂ ತುದಿ ಗೋಡೆಯ ಮೇಲೆ 150 ಮಿಮೀ ಕೂರಲಿ. ಚಾವಣಿಯನ್ನೂ ಒಮ್ಮೆ ನೋಡಿ. ಹೊರಗೋಡೆ ಸರಿದರೆ ಸೂರಿನ ಚಾಚು ಅಷ್ಟು ಕಡಿಮೆ ಆಗುತ್ತದೆ, ಮಳೆ ಗೋಡೆಗೆ ಬಡಿಯುತ್ತದೆ. ಒಳಗೋಡೆ ಸರಿದರೆ ಕಾರ್ಖಾನೆಯಲ್ಲಿ ಮೊದಲೇ ಮಾಡಿ ತಂದ ಟ್ರಸ್ (ಚಾವಣಿ ಹೊರುವ ಚೌಕಟ್ಟು) ಬೇರೆ ಜಾಗದಲ್ಲಿ ಕೂರುತ್ತದೆ, ಅದನ್ನು ಲೆಕ್ಕ ಹಾಕಿದ್ದು ಆ ಜಾಗಕ್ಕಲ್ಲ.

ಬ್ಲಾಕ್ ತೆಳ್ಳಗೆ ಮಾಡಿ ಜಾಗ ಮಾಡುವುದು

ಒಟ್ಟು ದಪ್ಪ ಬದಲಾಗದಿರಲಿ ಅಂತ 150 ಮಿಮೀ ಬ್ಲಾಕ್ ಬದಲು 100ರದ್ದು ಹಾಕಿ, ಉಳಿದ 50ಕ್ಕೆ ಇನ್ಸುಲೇಷನ್ ತುಂಬಿಸುವ ಸಲಹೆ ಕೂಡ ಬರುತ್ತದೆ. ನಾನು ಇದನ್ನು ಬೇಡ ಅಂತಲೇ ಹೇಳುತ್ತೇನೆ. ಗೋಡೆಯ ಬಿಗಿತ ದಪ್ಪದ ಘನದಂತೆ ಬದಲಾಗುತ್ತದೆ, ಮೂರನೇ ಒಂದು ಭಾಗ ದಪ್ಪ ಕಳೆದರೆ ಬಿಗಿತದಲ್ಲಿ ಉಳಿಯುವುದು 30 ಪರ್ಸೆಂಟ್ ಮಾತ್ರ. 2.7 ಮೀಟರ್ ಎತ್ತರದ ಒಂಟಿ ಗೋಡೆಯ ಎತ್ತರಕ್ಕೂ ದಪ್ಪಕ್ಕೂ ಇರುವ ಅನುಪಾತ 18 ಇದ್ದದ್ದು 27ಕ್ಕೆ ಹೋಗುತ್ತದೆ, ಯುರೋಪಿನ ನಿಯಮದಲ್ಲಿ 27ಕ್ಕಿಂತ ಮೇಲೆ ಹೋಗುವಂತೆಯೇ ಇಲ್ಲ. ಅಂದರೆ ಸರಿಯಾಗಿ ಅಂಚಿನಲ್ಲಿ ನಿಂತಿರುತ್ತೀರಿ. ನಕ್ಷೆ ಮಾಡುವ ಹಂತದಲ್ಲಿ ಇಂಜಿನಿಯರ್ ಇದನ್ನು ಆರಿಸಿದ್ದರೆ ಬೇರೆ ಮಾತು, ನಡುವೆ ಬದಲಿಸಬೇಡಿ.

ಹೊರಗಡೆಯಿಂದ ಹೊದಿಸುವುದು

ಗೋಡೆ ಎದ್ದು ನಿಂತಿದ್ದರೆ ನನ್ನ ಆಯ್ಕೆ ಇದು. ಗೋಡೆಗೆ ಹೊರಗಿನಿಂದ ಥರ್ಮೋಕೋಲ್ ಅಥವಾ ರಾಕ್ ವೂಲ್ ಅಂಟಿಸಿ, ಬಲೆ ಹಾಕಿ, ತೆಳು ಪ್ಲಾಸ್ಟರ್ ಬಳಿಯುವ ವಿಧಾನದಲ್ಲಿ ಭಾರ ಹೊರುವ ಯಾವುದೂ ಕದಲುವುದಿಲ್ಲ. ಪಾಯ ಅದೇ, ಲಿಂಟಲ್ ಅದೇ. ಗಾಳಿ ಹೊರಕ್ಕೆ ಎಳೆಯುವ ಬಲ ಕೂಡ 100 ಇದ್ದರೂ 150 ಇದ್ದರೂ ಅಷ್ಟೇ. ಹಾಳೆಯನ್ನು ಗೋಡೆಗೆ ಹಿಡಿದಿಡುವ ಆಂಕರ್ ಮಾತ್ರ ಉದ್ದ ಬೇಕು, ಗೋಡೆಯೊಳಗೆ ಇಳಿಯುವ ಭಾಗ ಎಷ್ಟಿತ್ತೋ ಅಷ್ಟೇ ಉಳಿಯಬೇಕು. ರಾಕ್ ವೂಲ್ ಆದರೆ ಭಾರ ಸ್ವಲ್ಪ ಗಮನಿಸಿ: 200 ಮಿಮೀ ದಪ್ಪಕ್ಕೆ ಚದರ ಮೀಟರಿಗೆ 20ರಿಂದ 30 ಕೆಜಿ ಆಗಬಹುದು.

ಪ್ಲಾಸ್ಟರ್ ಬದಲು ಕಲ್ಲಿನ ಹಾಳೆ ಹಾಕುತ್ತೇನೆ ಅಂದರೆ ಕತೆ ಪೂರ್ತಿ ಬದಲಾಗುತ್ತದೆ. 30 ಮಿಮೀ ಗ್ರಾನೈಟ್ ಚದರ ಮೀಟರಿಗೆ 80 ಕೆಜಿ. ಅದನ್ನು ಇನ್ಸುಲೇಷನ್ ದಾಟಿ ಬಂದ ಬ್ರ್ಯಾಕೆಟ್ ಹೊರುತ್ತದೆ. ಕೈ ಚಾಚಿ ಬಕೆಟ್ ಹಿಡಿದಂತೆ ಅದು. ಮೈಗೆ ಹತ್ತಿರ ಹಿಡಿದರೆ ಸುಲಭ, ಕೈ ಚಾಚಿದಷ್ಟೂ ಭುಜ ನೋಯುತ್ತದೆ. ಚಾಚು 100ರಿಂದ 200 ಆದರೆ ಬ್ರ್ಯಾಕೆಟ್ ಗೋಡೆಗೆ ಸೇರುವ ಬುಡದಲ್ಲಿ ಅದನ್ನು ಬಾಗಿಸುವ ಬಲ ಎರಡು ಪಟ್ಟು, ಅದೇ ಬ್ರ್ಯಾಕೆಟ್‌ನ ತುದಿ ಬಾಗುವುದು ಎಂಟು ಪಟ್ಟು. ಮೊದಲು 0.5 ಮಿಮೀ ಬಾಗುತ್ತಿದ್ದದ್ದು 4 ಮಿಮೀ ಬಾಗಿದರೆ ಕಲ್ಲಿನ ಸಂದುಗಳು ಒಂದಕ್ಕೊಂದು ತಾಗಿ ಅಂಚು ಒಡೆಯುತ್ತವೆ.

ಕಿಟಕಿಯನ್ನು ಮರೆಯಬೇಡಿ. ಇನ್ಸುಲೇಷನ್ ದಪ್ಪ ಆದಾಗ ಕಿಟಕಿ ಹಳೆಯ ಜಾಗದಲ್ಲೇ ಉಳಿದರೆ ಆಳದ ಗುಹೆಯೊಳಗೆ ಕೂತ ಹಾಗಾಗುತ್ತದೆ, ಸುತ್ತಲಿನ ಅಂಚು ತಣ್ಣಗಾಗಿ ಬೂಷ್ಟು ಹಿಡಿಯುತ್ತದೆ. ಮುಂದೆ ತಂದರೆ ಅದರ ಕೆಳಗೆ ಗೋಡೆಯೇ ಇಲ್ಲ, ಇನ್ಸುಲೇಷನ್ ಇದೆ. 4 ಮಿಮೀ ಗಾಜು ಚದರ ಮೀಟರಿಗೆ 10 ಕೆಜಿ, ಮೂರು ಪದರ ಅಂದರೆ 30. ಒಂದೂವರೆ ಮೀಟರ್ ಚೌಕದ ಕಿಟಕಿಗೆ ಗಾಜೇ 67 ಕೆಜಿ ಆಯಿತು. ಅದಕ್ಕೆ ಸ್ಟೀಲ್ ಬ್ರ್ಯಾಕೆಟ್ ಅಥವಾ ಗಟ್ಟಿ ಚೌಕಟ್ಟು ಬೇಕೇ ಬೇಕು, ಉಬ್ಬುವ ಫೋಮ್ ತುಂಬಿಸಿ ನಿಲ್ಲಿಸುವುದು ಆಗದ ಕೆಲಸ.

ಕಾಂಕ್ರೀಟ್ ಪಿಲ್ಲರ್, ಸ್ಲ್ಯಾಬ್ ಇರುವ ಮನೆಗೆ ಹೊರಗಡೆ ಇಟ್ಟಿಗೆ ಗೋಡೆಯನ್ನು ಸ್ಲ್ಯಾಬಿನ ಅಂಚಿನ ಮೇಲೆ ನಿಲ್ಲಿಸುವ ಲೆಕ್ಕ ಇದ್ದರೆ, ಮೂರನೇ ಒಂದು ಭಾಗದ ನಿಯಮ ಇಲ್ಲಿಗೂ ಬರುತ್ತದೆ. ಅದಕ್ಕಿಂತ ಹೊರಗೆ ಹೋದರೆ ಸ್ಲ್ಯಾಬಿಗೆ ಬೋಲ್ಟ್ ಮಾಡಿದ ಸ್ಟೀಲ್ ಆಂಗಲ್ ಬೇಕು, ಆ ಆಂಗಲ್ ಶಾಖವನ್ನು ಹೊರಗೆ ದಾಟಿಸುತ್ತದೆ. ಸಾಧಾರಣ ಸ್ಟೀಲ್ ಸ್ಟೇನ್‌ಲೆಸ್ ಸ್ಟೀಲಿಗಿಂತ ಸುಮಾರು ಮೂರು ಪಟ್ಟು ಶಾಖ ದಾಟಿಸುತ್ತದೆ, ಆದ್ದರಿಂದ ಇಲ್ಲಿ ಸ್ಟೇನ್‌ಲೆಸ್ ಹಾಕಿಸುವುದು ಸುಮ್ನೆ ಶೋಕಿ ಅಲ್ಲ.

ಮರದ ಚೌಕಟ್ಟಿನ ಮನೆ

ಇಲ್ಲಿ ಮಾತ್ರ ಇನ್ಸುಲೇಷನ್ ದಪ್ಪ ಮಾಡಿದರೆ ಗೋಡೆ ನಿಜವಾಗಿಯೂ ಗಟ್ಟಿಯಾಗುತ್ತದೆ. ಯಾಕೆಂದರೆ ಜಾಗ ಸಿಗಲಿ ಅಂತ ಮರದ ಕಂಬವೇ ದೊಡ್ಡದಾಗುತ್ತದೆ. 90 ಮಿಮೀ ಇದ್ದ ಕಂಬವನ್ನು 140 ಮಾಡಿದರೆ ಬಿಗಿತ ಮೂರೂಮುಕ್ಕಾಲು ಪಟ್ಟು. ಹಾಗಂತ ಕಂಬಗಳನ್ನು 400ರ ಬದಲು 600 ಮಿಮೀ ದೂರಕ್ಕೆ ಹಾಕಿ ಮರ ಉಳಿಸುವವರಿದ್ದಾರೆ, ಆಗ ಒಂದೊಂದು ಕಂಬದ ಮೇಲೆ ಒಂದೂವರೆ ಪಟ್ಟು ಭಾರ ಬೀಳುತ್ತದೆ. ಲೆಕ್ಕ ಹಾಕಿಸಿಯೇ ಮಾಡಿ.

ನಾನು ಹೆದರುವುದು ಬೇರೆಯದಕ್ಕೆ. ಕಂಬಗಳ ಮೇಲೆ ಮೊಳೆ ಹೊಡೆದ ಒಎಸ್‌ಬಿ (ಮರದ ಚೂರುಗಳನ್ನು ಒತ್ತಿ ಅಂಟಿಸಿದ ಹಲಗೆ) ಅಥವಾ ಪ್ಲೈವುಡ್ ಹಾಳೆಯೇ ಮನೆ ಪಕ್ಕಕ್ಕೆ ವಾಲದ ಹಾಗೆ ಹಿಡಿದಿರುವುದು. ಇನ್ಸುಲೇಷನ್ ಸೇರಿಸುವ ಭರದಲ್ಲಿ ಕಂಬಕ್ಕೂ ಹಾಳೆಗೂ ನಡುವೆ ಫೋಮ್ ತೂರಿಸಿದರೆ ಮೊಳೆ ಮೆತ್ತನೆಯ ಫೋಮಿನೊಳಗೆ ಬಾಗುತ್ತದೆ, ಹಾಳೆಯ ಹಿಡಿತ ಹೋಗುತ್ತದೆ. ನೋಡಲು ಎಲ್ಲ ಸರಿಯಾಗೇ ಇರುತ್ತದೆ, ಜೋರು ಗಾಳಿ ಬಂದ ದಿನ ಗೊತ್ತಾಗುತ್ತದೆ. ಹಾಳೆ ಕಂಬಕ್ಕೆ ನೇರ ತಾಗಿರಲಿ, ಫೋಮ್ ಅದರ ಹೊರಗಿರಲಿ.

ಹೊರಗೆ ಹಾಕುವುದಕ್ಕೆ ಇನ್ನೊಂದು ಕಾರಣವೂ ಇದೆ. ಒಳಗೆ 20 ಡಿಗ್ರಿ, 50 ಪರ್ಸೆಂಟ್ ತೇವ ಇರುವ ಗಾಳಿ 9.3 ಡಿಗ್ರಿಗಿಂತ ತಣ್ಣಗಿನ ಜಾಗ ಸಿಕ್ಕರೆ ನೀರು ಬಿಡುತ್ತದೆ. ಹೊರಗೆ 0 ಡಿಗ್ರಿ ಇದ್ದಾಗ, 190 ಮಿಮೀ ಇನ್ಸುಲೇಷನ್ ಎಲ್ಲವನ್ನೂ ಕಂಬಗಳ ನಡುವೆಯೇ ತುಂಬಿದರೆ ಹಾಳೆ ಹತ್ತಿರ ಹತ್ತಿರ 0 ಡಿಗ್ರಿಯಲ್ಲೇ ಇರುತ್ತದೆ. ಅದೇ 190ರಲ್ಲಿ 90 ಒಳಗೆ, 100 ಹೊರಗೆ ಹಾಕಿದರೆ ಹಾಳೆ ಸುಮಾರು 10.5 ಡಿಗ್ರಿ, ಒಣಗಿರುತ್ತದೆ. ಒದ್ದೆ ಮರ ಕೊಳೆತರೆ ಅದರ ಬಲದ ಲೆಕ್ಕವೆಲ್ಲ ನೀರು ಪಾಲು.

ಒಳಗಡೆಯಿಂದ ಹಾಕುವುದು

ಪಾಯ, ಲಿಂಟಲ್, ಸೂರು ಯಾವುದಕ್ಕೂ ತೊಂದರೆ ಇಲ್ಲ. ಕೋಣೆ ಚಿಕ್ಕದಾಗುತ್ತದೆ: 4 ಮೀಟರ್ ಉದ್ದ, 3 ಮೀಟರ್ ಅಗಲದ ಕೋಣೆಯ ಎರಡು ಹೊರಗೋಡೆಗೆ 50 ಮಿಮೀ ಸೇರಿಸಿದರೆ ಸುಮಾರು 0.35 ಚದರ ಮೀಟರ್ ಹೋಯಿತು. ಅಡುಗೆಮನೆಯ ಕಪಾಟು ತೂಗುಹಾಕಲು ಇನ್ಸುಲೇಷನ್ ದಾಟಿ ಗೋಡೆಗೆ ತಾಗುವ ಮರದ ಪಟ್ಟಿಯನ್ನು ಮೊದಲೇ ಕೂರಿಸಬೇಕು. ಮರದ ತೊಲೆಯ ತುದಿ ಗೋಡೆಯೊಳಗೆ ಹೂತಿದ್ದರೆ ಮಾತ್ರ ನಿಲ್ಲಿಸಿ ಯೋಚಿಸಿ. ಒಳಗಿನ ಶಾಖ ಗೋಡೆಗೆ ತಲುಪದೆ ಗೋಡೆ ತಣ್ಣಗಾಗುತ್ತದೆ, ಬೇಗ ಒಣಗುವುದಿಲ್ಲ, ತೊಲೆಯ ತುದಿ ಕೊಳೆಯುತ್ತದೆ, ಮಹಡಿಯ ಭಾರ ನಿಂತಿರುವುದು ಅದೇ ತುದಿಯ ಮೇಲೆ.

ನಿಮ್ಮ ಕೆಲಸ ಎಲ್ಲಿಗೆ ಬಂದಿದೆ?

ಪಾಯ ತೋಡುವ ಮುಂಚೆ ಆದರೆ ಸಂದು ಅಗಲ ಮಾಡಿಸಿ, ಪಾಯದ ಅಗಲವನ್ನೂ ಹೊಸ ಗೋಡೆಗೆ ತಕ್ಕಂತೆ ಬರೆಸಿಕೊಳ್ಳಿ, ಯಾವ ತಲೆನೋವೂ ಇಲ್ಲ. ಪಾಯ ಆಗಿ ಗೋಡೆ ಏಳದಿದ್ದರೆ ವಸ್ತು ಬದಲಿಸಿ ನೋಡಿ, ಅದು ಆಗದಿದ್ದರೆ ಮಾತ್ರ ಹೊರಗೋಡೆ ಸರಿಸುವ ಲೆಕ್ಕ ಹಾಕಿಸಿ. ಗೋಡೆ ಎದ್ದಿದ್ದರೆ ಹೊರಗಿನಿಂದ ಹೊದಿಸಿ, ಕಿಟಕಿ ಆರ್ಡರ್ ಕೊಡುವ ಮುಂಚೆ ತೀರ್ಮಾನ ಮಾಡಿ. ಕಿಟಕಿ, ಚಾವಣಿ ಎರಡೂ ಆಗಿದ್ದರೆ ಗೋಡೆಯನ್ನು ಅದರ ಪಾಡಿಗೆ ಬಿಡಿ, ಚಾವಣಿಯ ಇನ್ಸುಲೇಷನ್ ಹೆಚ್ಚಿಸಿ, ಸಂದುಗಳಲ್ಲಿ ಗಾಳಿ ನುಗ್ಗದಂತೆ ಮುಚ್ಚಿಸಿ. ಯಾವ ಹಂತದಲ್ಲೇ ಆಗಲಿ, ಬದಲಾವಣೆ ಬಾಯಿಮಾತಿನಲ್ಲಿ ಬೇಡ. ಇಂಜಿನಿಯರ್ ಸಹಿ ಹಾಕಿದ ಹೊಸ ಅಡ್ಡಛೇದದ ನಕ್ಷೆ ಮೇಸ್ತ್ರಿ ಕೈಗೆ ಬರಲಿ, ಟೈ, ಲಿಂಟಲ್, ಆಂಕರ್ ಅಳತೆ ಅದರಲ್ಲೇ ಇರಲಿ.

ಸಂದು ಈಗಾಗಲೇ ಅಗಲ ಮಾಡಿಸಿ, ಟೈ ಯಾವುದು ಹಾಕಿದ್ದಾರೋ ಗೊತ್ತಿಲ್ಲ ಅನ್ನುವವರು ಇವತ್ತೇ ಹೋಗಿ ಒಂದು ಟೈ ಅಳೆಯಿರಿ, ಟೇಪ್ ಇಟ್ಟು ಫೋಟೋ ತೆಗೆದುಕೊಳ್ಳಿ. ಗಿಡ್ಡ ಟೈ ಆಗಿದ್ದರೂ ಗೋಡೆ ಒಡೆಯಬೇಕಾಗಿಲ್ಲ. ಹೊರಗಿನಿಂದ ರಂಧ್ರ ಕೊರೆದು ಎರಡೂ ಗೋಡೆಗೆ ಕಚ್ಚಿಸುವ ಸುರುಳಿಯಾಕಾರದ ಸ್ಟೇನ್‌ಲೆಸ್ ಟೈಗಳು ಸಿಗುತ್ತವೆ. ಪ್ಲಾಸ್ಟರ್ ಬಳಿಯುವ ಮುಂಚೆ ಗೊತ್ತಾದರೆ ಒಂದೆರಡು ದಿನದ ಕೆಲಸ.